ಪೈಪು ಎಳೆಯುವವರು

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಹೆಂಗಸರನ್ನು ಹುಡುಕಿಕೊಂಡು ಹೋಗಬೇಕು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಎಂದು ಹೆಸರಾದ ಆ ಎಪಿಎಂಸಿ ಪ್ರಾಂಗಣದಲ್ಲಿ ಬೆಳಿಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಆಳೆತ್ತರ ಪೇರಿಸಿದ ಕ್ರೇಟುಗಳು, ಅವುಗಳ ನಡುವಿನ ಓಣಿಯಲ್ಲಿ ಹರಾಜು ಕೂಗುತ್ತ ಸಾಗುವ ಗುಂಪು, ಉತ್ತರ ಭಾರತಕ್ಕೆ ಹೊರಡಲು ಹಗ್ಗ ಬಿಗಿಸಿಕೊಳ್ಳುತ್ತಿರುವ ಲಾರಿಗಳು. ಕೂಗುವವರು, ಕೊಳ್ಳುವವರು, ಚೀಟಿ ಬರೆಯುವವರು, ಹೊರುವವರು, ಮಾಲು ತಂದು ಕೈಕಟ್ಟಿ ನಿಂತ ರೈತರು, ಎಲ್ಲರೂ ಗಂಡಸರೇ. ಮಂಡಿಗಳ ಹಿಂದೆ ಹೋದರೆ ರಾಶಿಯ ಸುತ್ತ ಕೂತು ಒಡೆದದ್ದು, ಕೊಳೆತದ್ದು ಆರಿಸುತ್ತಿರುವ ನಾಲ್ಕಾರು ಹೆಂಗಸರು ಸಿಗುತ್ತಾರೆ. ಅಷ್ಟೇ.

ಅದೇ ಟೊಮೆಟೊ ಬೆಳೆಯುವ ಹೊಲಕ್ಕೆ ಹೋದರೆ ಲೆಕ್ಕ ತಿರುಗುಮುರುಗು. ನಾಟಿ ಹಾಕುವವರು, ಕಳೆ ತೆಗೆಯುವವರು, ಗಿಡವನ್ನು ಕಡ್ಡಿಗೆ ಕಟ್ಟುವವರು, ಹಣ್ಣು ಬಿಡಿಸುವವರು, ಸೈಜು ನೋಡಿ ಕ್ರೇಟಿಗೆ ತುಂಬುವವರು ಬಹುಪಾಲು ಹೆಂಗಸರು. ಹೊಲದ ಬದುವಿನವರೆಗೆ ಬಂದ ಕೆಲಸ ಟೆಂಪೊ ಹತ್ತುವ ಹೊತ್ತಿಗೆ ಗಂಡಸರ ಕೈಗೆ ದಾಟಿಬಿಡುತ್ತದೆ.

ಟೊಮೆಟೊ ಬೆಲೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿ, ಹೊಲಗಳಿಗೆ ರಾತ್ರಿ ಕಾವಲು ಕೂರಿಸಿದ್ದನ್ನೂ, ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ನಾವೆಲ್ಲ ಓದಿದ್ದೇವೆ. ನನಗೆ ಬೇಕಾಗಿದ್ದದ್ದು ಔಷಧಿಯ ಲೆಕ್ಕ. ತರುವವರು ಯಾರು, ಕಲಸುವವರು ಯಾರು, ಹೊಡೆಯುವವರು ಯಾರು, ಹೊಡೆದ ಮರುದಿನ ಆ ಸಾಲುಗಳೊಳಗೆ ನುಗ್ಗುವವರು ಯಾರು. ಮಾರುಕಟ್ಟೆಯಿಂದ ಹೊರಬಿದ್ದು ವೇಮಗಲ್ ಕಡೆಗೆ ಗಾಡಿ ತಿರುಗಿಸಿದೆವು.

ಈ ಸೀಮೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ಲು ಇಲ್ಲಿ ಸುದ್ದಿಯೇ ಅಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣವಾಗಿ ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಅಲ್ಲಿಂದ ಒಂದೊಂದೇ ಕೆರೆ ತುಂಬುತ್ತ ಹೋಗಿ, ಸತ್ತಿದ್ದ ಬೋರುಗಳು ಕೆಲವು ಮತ್ತೆ ಉಸಿರಾಡಿದವು. ಆ ನೀರಿನ ಗುಣಮಟ್ಟದ ಜಗಳ ಬೇರೆ ಕಥೆ. ನೀರು ಬಂದಲ್ಲಿ ತರಕಾರಿ ಬಂತು, ತರಕಾರಿ ಬಂದಲ್ಲಿ ಔಷಧಿ ಅಂಗಡಿ ಬಂತು.

ನಾವು ಇಳಿದ ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದರು. ಬದುವಿನ ಮೇಲೆ 200 ಲೀಟರಿನ ನೀಲಿ ಡ್ರಮ್ಮು, ಪಕ್ಕದಲ್ಲಿ ಗಡಗಡಿಸುವ ಎಂಜಿನ್ನು, ಅಲ್ಲಿಂದ ಸಾಲುಗಳೊಳಕ್ಕೆ ಹೋದ ಹಳದಿ ಪೈಪು. ಪೈಪಿನ ತುದಿಯಲ್ಲಿ ಗನ್ನು ಹಿಡಿದು ಮನೆಯ ಯಜಮಾನ. ಅವನು ಮುಖಕ್ಕೆ ಟವೆಲ್ಲು ಸುತ್ತಿದ್ದ, ತುಂಬುತೋಳಿನ ಹಳೇ ಅಂಗಿ ಹಾಕಿದ್ದ. ಅವನಿಂದ ಏಳೆಂಟು ಮಾರು ಹಿಂದೆ ಅವನ ಹೆಂಡತಿ ಬರಿಗಾಲಲ್ಲಿ ನಿಂತು ಪೈಪನ್ನು ಎತ್ತಿ ಹಿಡಿದಿದ್ದಳು. ಅವನು ಮುಂದೆ ಹೋದಂತೆ ಸಡಿಲ ಕೊಡಬೇಕು, ಸಾಲು ತಿರುಗಿದಾಗ ಹಿಂದಕ್ಕೆ ಎಳೆದುಕೊಳ್ಳಬೇಕು. ಎಲ್ಲೂ ಗಿಡಕ್ಕೆ ತಗುಲಿ ಕಾಯಿ ಉದುರಕೂಡದು, ದಾರ ಕಿತ್ತು ಬರಕೂಡದು. ಪೈಪಿಗೆ ಜೋಡು ಹಾಕಿದ ಕಡೆ ಸೈಕಲ್ ಟ್ಯೂಬು ಬಿಗಿದಿದ್ದರು. ಅಲ್ಲಿಂದ ಸಣ್ಣಗೆ ಸೋರಿದ್ದು ಅವಳ ಮೊಣಕೈವರೆಗೆ ಇಳಿಯುತ್ತಿತ್ತು. ಗಾಳಿ ಪೂರ್ವಕ್ಕೆ ತಿರುಗಿದಾಗ ಗನ್ನಿನ ಮಂಜು ಹಿಂದಕ್ಕೆ ಬಂದು ಅವಳ ಮೇಲೆಯೇ ಕೂರುತ್ತಿತ್ತು. ಡ್ರಮ್ಮಿನ ಹತ್ತಿರ ಅತ್ತೆ ಕೋಲಿನಿಂದ ತಿರುವುತ್ತಿದ್ದರು. ಮಧ್ಯೆ ಮಧ್ಯೆ ಕೋಲನ್ನು ಬದುವಿಗೊರಗಿಸಿ ಅದೇ ಕೈಯಲ್ಲಿ ಎಲೆ ಅಡಿಕೆ ಬಾಯಿಗಿಟ್ಟುಕೊಳ್ಳುತ್ತಿದ್ದರು.

ಎಂಜಿನ್ನು ನಿಂತ ಮೇಲೆ ಸೊಸೆಯನ್ನು ಕೇಳಿದೆ, ನೀವೂ ಔಷಧಿ ಹೊಡೀತೀರಾ ಎಂದು.

‘ಅಯ್ಯೋ, ಇಲ್ಲಕ್ಕಾ. ಅದು ಗಂಡುಸ್ರ ಕೆಲ್ಸ. ನಾವು ಬರೀ ಪೈಪ್ ಎಳೀತೀವಿ.’

ಸರ್ಕಾರದವರೋ ಕಾಲೇಜಿನವರೋ ಬಂದು ‘ನಿಮ್ಮ ಮನೆಯಲ್ಲಿ ಸಿಂಪಡಿಸುವವರು ಯಾರು’ ಎಂದು ಪ್ರಶ್ನಾವಳಿ ಹಿಡಿದರೆ ಇವಳೇ ಗಂಡನ ಹೆಸರು ಹೇಳುತ್ತಾಳೆ. ಸುಳ್ಳೂ ಅಲ್ಲ. ಹೊಡೆಯುವುದು ಅವನೇ. ಆದರೆ ಆ ಬೆಳಿಗ್ಗೆ ಇಬ್ಬರಲ್ಲಿ ಹೆಚ್ಚು ನೆನೆದದ್ದು ಯಾರು ಎಂದು ನೋಡಿದ್ದರೆ ಉತ್ತರಕ್ಕೆ ಪ್ರಶ್ನಾವಳಿ ಬೇಕಿರಲಿಲ್ಲ.

ಇದು ಹಿಂದಿನಿಂದ ಬಂದ ಏರ್ಪಾಡೂ ಅಲ್ಲ ಎನ್ನುವುದು ಅತ್ತೆಯ ಮಾತಿನಿಂದ ತಿಳಿಯಿತು. ಅವರ ಕಾಲದಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಟ್ಯಾಂಕು. 16 ಲೀಟರು ಹೊತ್ತುಕೊಂಡು ಗಂಡಸು ಒಬ್ಬನೇ ಹೊಡೆದು ಬರುತ್ತಿದ್ದ. ಹೆಂಗಸರು ಬಿಂದಿಗೆಯಲ್ಲಿ ನೀರು ತಂದುಕೊಟ್ಟು ದೂರ ನಿಲ್ಲುತ್ತಿದ್ದರು. ಎಂಜಿನ್ನು ಬಂದು ಗಂಡಸಿನ ಬೆನ್ನಿನ ಭಾರ ಇಳಿಯಿತು, ಕೆಲಸ ಬೇಗ ಮುಗಿಯಿತು. ಆದರೆ ಈ ಕೆಲಸಕ್ಕೆ ಮೂರು ಜನ ಬೇಕು. ಪೈಪು ಎಳೆಯಲು, ಡ್ರಮ್ಮು ತಿರುವಲು ಆಳು ಇಟ್ಟರೆ ಕೂಲಿ ಕೊಡಬೇಕು. ಹೆಂಡತಿ, ತಾಯಿಗೆ ಕೊಡಬೇಕಾಗಿಲ್ಲ. ಹೀಗೆ ಯಾರೂ ಕೂತು ತೀರ್ಮಾನಿಸದೆ ಹೆಂಗಸರು ದೂರದಿಂದ ಹತ್ತಿರಕ್ಕೆ, ಮಂಜಿನೊಳಕ್ಕೇ ಬಂದರು. ಕೆಲಸ ಬದಲಾಯಿತು, ‘ಔಷಧಿ ಗಂಡಸರದು’ ಎಂಬ ಮಾತು ಮಾತ್ರ ಬದಲಾಗಲಿಲ್ಲ.

ಆ ಮನೆಯ ಇನ್ನೊಂದು ಹೊಲದಲ್ಲಿ ಬಿಡಿಸುವ ಕೆಲಸ ನಡೆದಿತ್ತು. ಐದಾರು ಹೆಂಗಸರು, ಊರಿನವರೇ, ಸಾಲು ಹಿಡಿದು ಹೋಗುತ್ತಿದ್ದರು. ಟೊಮೆಟೊ ಗಿಡವನ್ನು ಮುಟ್ಟಿದವರಿಗೆ ಗೊತ್ತು, ಎಲೆಯ ಮೇಲಿನ ಸಣ್ಣ ರೋಮಗಳ ಅಂಟು ಕೈಗೆ ಹತ್ತಿ ಮೊದಲು ಹಳದಿಯಾಗಿ ಆಮೇಲೆ ಹಸಿರುಗಪ್ಪಾಗುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಬೆರಳುಗಳೆಲ್ಲ ಇದ್ದಿಲು ಮುಟ್ಟಿದ ಹಾಗೆ. ಆ ಕರಿ ಸೋಪಿಗೆ ಬಿಡುವುದಿಲ್ಲ. ಒಬ್ಬಾಕೆ ದೋರುಗಾಯೊಂದನ್ನು ಒಡೆದು ಅಂಗೈಗೆ ತಿಕ್ಕಿ ತೋರಿಸಿದಳು, ಹುಳಿಗೆ ಕರಿ ಕರಗಿ ಹಸಿರು ನೀರಾಗಿ ಹರಿಯಿತು. ‘ಇದೇ ನಮ್ ಸೋಪು’ ಎಂದಳು. ತೊಳೆದ ಕೈಯಲ್ಲೇ ಮುದ್ದೆ ಮುರಿದರು.

ಗಿಡದ ಅಂಟು ಹೀಗೆ ಕಣ್ಣಿಗೆ ಕಾಣುತ್ತದೆ. ಎಲೆಯ ಮೇಲೆ ಕೂತ ಔಷಧಿಯೂ ಅದೇ ದಾರಿಯಲ್ಲಿ ಕೈಗೆ ಹತ್ತುತ್ತದೆ, ಅದಕ್ಕೆ ಬಣ್ಣವಿಲ್ಲ. ಹೊಲದಲ್ಲಿ ದುಡಿಯುವವರ ಮೈಯೊಳಕ್ಕೆ ಕೀಟನಾಶಕ ಹೋಗುವುದು ಹೆಚ್ಚಾಗಿ ಚರ್ಮದಿಂದ, ಮೂಗಿಗೆ ಟವೆಲ್ಲು ಕಟ್ಟಿದರೆ ತಪ್ಪಿಸಿಕೊಂಡ ಹಾಗಲ್ಲ. ಬೆಲೆ ಇರುವ ದಿನ ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಯಾರೂ ಎಣಿಸುವುದಿಲ್ಲ. ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಕಟಾವಿಗೆ ಮುಂಚೆ ಇಷ್ಟು ದಿನ ಕಾಯಬೇಕು ಎಂದು ಬೆಳೆವಾರು ಬರೆದಿರುತ್ತದೆ. ಅದನ್ನು ಪಾಲಿಸುವವರೂ ಇದ್ದಾರೆ. ಆದರೆ ಆ ಲೆಕ್ಕ ಹಾಕಿರುವುದು ತಿನ್ನುವವರಿಗಾಗಿ, ಹಣ್ಣಿನಲ್ಲಿ ಉಳಿಯುವ ಅಂಶ ಮಿತಿಯೊಳಗೆ ಬರಲಿ ಎಂದು. ಹಣ್ಣು ಮಾಗುವ ಮೊದಲೇ, ಹೊಡೆದ ಸಂಜೆಯೇ, ದಾರ ಕಟ್ಟಲು ಸಾಲಿನೊಳಗೆ ಹೋಗುವವಳಿಗಾಗಿ ಅಲ್ಲ. ಬೆಂಗಳೂರಿನ ನಾನು ಟೊಮೆಟೊವನ್ನು ಉಪ್ಪುನೀರಲ್ಲಿ ನೆನೆಸಿ ತೊಳೆದು ಸಮಾಧಾನಪಟ್ಟುಕೊಳ್ಳುತ್ತೇನೆ. ಔಷಧಿಯ ಮಾತು ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಕೇಳುವುದೂ ನನ್ನಂಥವಳ ಹೊಟ್ಟೆಯ ಬಗ್ಗೆಯೇ.

ಕೂಲಿಯಲ್ಲೂ ಇದೇ ತಾರತಮ್ಯ. ಔಷಧಿ ಹೊಡೆಯಲು ಹೊರಗಿನಿಂದ ಗಂಡಾಳು ಬಂದರೆ ಕೂಲಿ ಜಾಸ್ತಿ, ಅಪಾಯದ ಕೆಲಸವೆಂದು. ಮರುದಿನ ಅದೇ ಗಿಡ ತಡವುವ ಹೆಣ್ಣಾಳಿಗೆ ಸಾಮಾನ್ಯ ಕೂಲಿ, ಕೂತು ನಿಂತು ಮಾಡುವ ಕೆಲಸವೆಂದು.

ಮಧ್ಯಾಹ್ನ ಹತ್ತಿರದ ಪೇಟೆಯ ಔಷಧಿ ಅಂಗಡಿಗೆ ಹೋದೆ. ಇಂಥ ಅಂಗಡಿಗಳಲ್ಲಿ ನನಗೆ ಪ್ರತಿಸಲ ಒಂದು ತಮಾಷೆ ನಡೆಯುತ್ತದೆ. ಪ್ರಶ್ನೆ ಕೇಳುವವಳು ನಾನು, ಅಂಗಡಿಯವರು ಉತ್ತರ ಹೇಳುವುದು ನಮ್ಮ ಡ್ರೈವರಿಗೆ. ಅವನು ಪಾಪ ಮಂಡ್ಯದ ಕಬ್ಬಿನ ಸೀಮೆಯವನು, ತಲೆಯಾಡಿಸುತ್ತ ನಿಂತಿದ್ದ. ನಾನಿದ್ದಷ್ಟು ಹೊತ್ತೂ ಬಂದ ಗಿರಾಕಿಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಬಂದವರು ಬಾಡಿದ ಎಲೆಯನ್ನೋ ಮೊಬೈಲಿನ ಫೋಟೊವನ್ನೋ ತೋರಿಸುತ್ತಾರೆ. ‘ಎಷ್ಟು ದಿನದ ಗಿಡ?’ ಎನ್ನುವುದೊಂದೇ ಪ್ರಶ್ನೆ. ಆಮೇಲೆ ಕೌಂಟರಿನ ಮೇಲೆ ಸಾಲಾಗಿ ಬರುತ್ತವೆ ಹುಳಕ್ಕೊಂದು, ರೋಗಕ್ಕೊಂದು, ಹೂ ನಿಲ್ಲಲು ಟಾನಿಕ್ಕು, ಎಲ್ಲವೂ ಎಲೆಗೆ ಅಂಟಲು ಗಮ್ಮು. ಎಲ್ಲವನ್ನೂ ಒಂದೇ ಡ್ರಮ್ಮಿಗೆ ಹಾಕಿ ಹೊಡೆಯಬೇಕು. ದುಡ್ಡು ಬೆಳೆ ಬಂದ ಮೇಲೆ. ಸಾಲದ ಪುಸ್ತಕದಲ್ಲಿ ಹೆಸರಿರುವವನು ಬೇರೆ ಅಂಗಡಿಯ ಸಲಹೆ ಕೇಳುವುದು ಕಷ್ಟ.

ಡಬ್ಬಿಗಳ ಮೇಲೆ ವಜ್ರಾಕಾರದ ಗುರುತಿರುತ್ತದೆ. ಕೆಂಪು ಅತಿ ಘೋರ, ಅದಕ್ಕಿಂತ ಕೆಳಗೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಓದು ಬಾರದವರಿಗೂ ತಿಳಿಯಲಿ ಎಂದು 1971ರ ಕೀಟನಾಶಕ ನಿಯಮಗಳಲ್ಲಿ ತಂದ ಏರ್ಪಾಡು. ಬೆಳಿಗ್ಗೆಯ ಹೊಲದಲ್ಲಿ ಆ ಸೊಸೆಗೆ ಡಬ್ಬಿ ತೋರಿಸಿ ಕೇಳಿದ್ದೆ. ಹಸಿರೆಂದರೆ ಗಿಡಕ್ಕೆ, ಕೆಂಪೆಂದರೆ ಹಣ್ಣಿಗೆ ಇರಬೇಕು ಎಂದಿದ್ದಳು. ಅವಳು ಹತ್ತನೇ ತರಗತಿ ಓದಿದವಳು. ಗುರುತು ಓದಿಸಿದವರಿಲ್ಲ, ಅಷ್ಟೇ. ಕಂಪನಿಯವರು ಊರಲ್ಲಿ ಮೀಟಿಂಗು ಮಾಡಿದಾಗ ಹೆಂಗಸರು ಕಾಫಿ ಮಾಡಿಕೊಡುತ್ತಾರೆ. ಇಲಾಖೆಯ ತರಬೇತಿಗೆ ಪಹಣಿ ಯಾರ ಹೆಸರಲ್ಲಿದೆಯೋ ಅವರನ್ನು ಕರೆಯುತ್ತಾರೆ. 2015–16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಹೆಂಗಸರ ಹೆಸರಿನ ಹಿಡುವಳಿಗಳು ನೂರಕ್ಕೆ ಸುಮಾರು 14.

ಆದರೆ ಹುಳುವನ್ನು ಮೊದಲು ಕಾಣುವವರು ಯಾರು? ದಿನಾ ಎಲೆಯ ಮಟ್ಟಕ್ಕೆ ಬಗ್ಗುವವರು. ದಕ್ಷಿಣ ಅಮೆರಿಕದ ಮೂಲದ ಟ್ಯೂಟಾ ಎಂಬ ಪತಂಗ 2014ರಲ್ಲಿ ಭಾರತದಲ್ಲಿ ಪತ್ತೆಯಾಯಿತು. ಎಲೆಯ ಎರಡು ಪದರಗಳ ನಡುವೆ ಸುರಂಗ ತೋಡಿ, ಆಮೇಲೆ ಕಾಯಿಗೆ ಸೂಜಿಮೊನೆಯಂಥ ತೂತು ಕೊರೆಯುತ್ತದೆ. ಇಲ್ಲಿನವರ ಬಾಯಲ್ಲಿ ಅದು ಊಜಿ. ಎಲೆಯ ಮೇಲೆ ಬಿಳಿ ಚುಕ್ಕೆ ಕಂಡ ದಿನವೇ ಆ ಎಲೆಗಳನ್ನು ಕಿತ್ತು ಹೂತರೆ ಅರ್ಧ ಕಾಟ ಕಡಿಮೆ ಎಂದು ಬಿಡಿಸುವ ಹೆಂಗಸೊಬ್ಬಳು ನನಗೆ ಪಾಠ ಮಾಡಿದಳು. ಬಿಂಗಿಯ ಬಗ್ಗೆ ಅವಳ ಮಾತು ಇನ್ನೂ ಸ್ಪಷ್ಟ. ‘ಬಿಂಗಿ ಬಂದ ಗಿಡ ಕಿತ್ತಾಕ್ಬೇಕು ಕಣಕ್ಕಾ. ಏನ್ ಹೊಡುದ್ರೂ ಅದು ಬದುಕಲ್ಲ.’ ಬಿಳಿ ನೊಣ ತಂದು ಬಿಡುವ ವೈರಸ್ಸಿನಿಂದ ಎಲೆ ಮುದುಡುವ ರೋಗ ಅದು. ಹತ್ತಿದ ಗಿಡಕ್ಕೆ ಮದ್ದಿಲ್ಲ, ಸಸಿಮಡಿಯಲ್ಲೇ ನೈಲಾನ್ ಪರದೆ ಕಟ್ಟಿ ನೊಣ ತಡೆಯಬೇಕು ಎಂದೇ ವಿಜ್ಞಾನಿಗಳೂ ಹೇಳುವುದು. ‘ಯಜಮಾನ್ರಿಗೆ ಹೇಳಿದ್ರಾ?’ ಎಂದೆ. ‘ಹೇಳ್ದೆ. ಪಕ್ಕದ ಹೊಲದವ್ರು ಹೊಡೆದ್ರು ಅಂತ ಇವ್ರೂ ತಂದು ಹೊಡೆದ್ರು.’

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಟೊಮೆಟೊದ 16 ಸಾಲಿಗೊಂದು ಸಾಲು ಚೆಂಡುಹೂ ಹಾಕಿ ಕಾಯಿಕೊರಕವನ್ನು ಹೂವಿನ ಕಡೆ ಸೆಳೆಯುವ ಉಪಾಯ ಕಲಿಸಿದೆ. ಬೇವಿನ ಸೋಪು, ಹೊಂಗೆ ಸೋಪು ಮಾಡಿಕೊಟ್ಟಿದೆ, ಬಿಂಗಿ ತಾಳಿಕೊಳ್ಳುವ ಅರ್ಕಾ ರಕ್ಷಕ್ ತಳಿ ಬಿಟ್ಟಿದೆ. ಇವೆಲ್ಲಕ್ಕೂ ಬೇಕಾದದ್ದು ದಿನಾ ಹೊಲ ನೋಡುವ ಕಣ್ಣು. ಆ ಕಣ್ಣಿರುವವಳಿಗೆ ಅಂಗಡಿಯ ದಾರಿ ಗೊತ್ತಿಲ್ಲ, ಅಂಗಡಿಗೆ ಹೋಗುವವನಿಗೆ ಎಲೆ ತಿರುಗಿಸಿ ನೋಡುವ ಪುರುಸೊತ್ತಿಲ್ಲ. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಔಷಧಿ ಹೊಲಕ್ಕೆ ಬೀಳುವುದಕ್ಕೆ ಹುಳುವಿನಷ್ಟೇ ಈ ಅಗಲಿಕೆಯೂ ಕಾರಣ.

ಎಚ್. ಕ್ರಾಸ್ ದಾಟಿ ಶಿಡ್ಲಘಟ್ಟದ ಕಡೆ ಹೋದಂತೆ ಟೊಮೆಟೊ ಹೊಲಗಳ ನಡುನಡುವೆ ಹಿಪ್ಪುನೇರಳೆ ತೋಟಗಳು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಅದು. ಪರಿಚಯದವರ ಮನೆಯೊಂದರಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ರಾಶಿ ರಾಶಿ ಸೊಪ್ಪು ತಿನ್ನುವ ಹಂತದಲ್ಲಿತ್ತು. ಹುಳಮನೆಯ ಬಾಗಿಲಲ್ಲೇ ನನ್ನನ್ನು ತಡೆದರು. ಚಪ್ಪಲಿ ಹೊರಗೆ. ಕೈಕಾಲು ತೊಳೆಯಬೇಕು. ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಬರಬೇಕು. ಬೆಳಿಗ್ಗೆ ಎಲ್ಲಿದ್ದಿರಿ ಎಂದು ಕೇಳಿದರು. ಟೊಮೆಟೊ ಹೊಲದಲ್ಲಿ, ಔಷಧಿ ಹೊಡೆಯುವ ಕಡೆ ಎಂದೆ. ‘ಹಂಗಾದ್ರೆ ಒಳಗ್ ಬೇಡಕ್ಕಾ, ಬಾಗ್ಲಿಂದ್ಲೇ ನೋಡಿ.’

ಮನೆಯೊಡತಿ ಮೂವತ್ತು ದಾಟಿದವಳು. ಅವಳೂ ಆವತ್ತು ಬೆಳಿಗ್ಗೆ ಟೊಮೆಟೊ ಬಿಡಿಸಿ ಬಂದಿದ್ದಳು. ಅವರದೇ ಅರ್ಧ ಎಕರೆ ಇದೆ. ಬಂದವಳು ನೇರ ಬಚ್ಚಲಿಗೆ ಹೋಗಿ, ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ಆಮೇಲೆ ಸೊಪ್ಪು ಹಾಕಲು ಹುಳಮನೆಗೆ ಹೋದಳಂತೆ. ಔಷಧಿ ಸೋಕಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಏನಾಗುತ್ತದೆಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ, ಬಾಯಿಂದ ಹಸಿರು ನೀರು ಕಾರುತ್ತದೆ, ಮೈ ಕುಗ್ಗಿಸಿಕೊಂಡು ಬೀಳುತ್ತದೆ. ಇದನ್ನು ಅವಳು ಹೇಳಿದ್ದು ವೈದ್ಯರು ರೋಗಲಕ್ಷಣ ಹೇಳುವಷ್ಟು ನಿಖರವಾಗಿ.

ಊರಲ್ಲಿ ಇದಕ್ಕೊಂದು ಕಟ್ಟುಪಾಡೂ ಇದೆ. ತೋಟದ ಪಕ್ಕದ ಹೊಲದವರು ಔಷಧಿ ಹೊಡೆಯುವ ಹಿಂದಿನ ದಿನ ಹೇಳಬೇಕು. ಹೇಳಿದರೆ ಇವರು ಆ ಬದುವಿನ ಕಡೆಯ ಸಾಲುಗಳ ಸೊಪ್ಪು ಮೊದಲೇ ಕೊಯ್ದುಕೊಳ್ಳುತ್ತಾರೆ. ಗಾಳಿ ಇವರ ತೋಟದ ಕಡೆಗಿದ್ದರೆ ಹೊಡೆಯುವಂತಿಲ್ಲ. ಹೇಳದೆ ಹೊಡೆದು ಹುಳು ಸತ್ತರೆ ಪಂಚಾಯ್ತಿ ಸೇರುತ್ತದೆ, ಎಷ್ಟು ಮೊಟ್ಟೆಯ ಹುಳು, ಎಷ್ಟು ಗೂಡಾಗುತ್ತಿತ್ತು, ರೇಟು ಎಷ್ಟಿತ್ತು ಎಂದು ಲೆಕ್ಕ ಕಟ್ಟಿ ದಂಡ ಹಾಕುತ್ತಾರೆ. ಗಾಳಿಯ ದಿಕ್ಕು, ಮುನ್ಸೂಚನೆ, ದೂರ, ಪರಿಹಾರ, ಸುರಕ್ಷತೆಯ ಕೈಪಿಡಿಗಳಲ್ಲಿ ಏನೇನಿರುತ್ತದೋ ಎಲ್ಲವೂ ಇಲ್ಲಿ ಬಾಯಿಮಾತಿನಲ್ಲೇ ಜಾರಿಯಲ್ಲಿದೆ. ರೇಷ್ಮೆಹುಳುವಿಗಾಗಿ.

‘ಸ್ನಾನ ಮಾಡೋದು ಹುಳಕ್ಕೋಸ್ಕರ. ಹುಳು ಇಲ್ಲದ ದಿನ?’ ಎಂದು ಕೇಳಿದೆ.

‘ಇಲ್ದಿದ್ರೆ ಸಾಯಂಕಾಲ ಮಾಡ್ತೀವಿ, ಎಲ್ಲಾ ಕೆಲ್ಸ ಮುಗುದ್ಮೇಲೆ.’

‘ಅಷ್ಟರೊಳಗೆ ನಿಮಗೇನೂ ಆಗಲ್ವಾ?’

ಅವಳು ನಕ್ಕಳು. ‘ನಮ್ಗೇನಾಗ್ತೈತಕ್ಕಾ, ನಾವೇನ್ ಹುಳಾನಾ?’

ಜೊತೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ರಸಾಯನಶಾಸ್ತ್ರ ಅಷ್ಟು ನಗುವಂತಿಲ್ಲ. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಗುಂಪಿನ ಔಷಧಿಗಳು ಹುಳುವನ್ನು ಕೊಲ್ಲುವುದು ಒಂದು ಕಿಣ್ವವನ್ನು ಕಟ್ಟಿಹಾಕಿ. ನರದಿಂದ ನರಕ್ಕೆ ಸುದ್ದಿ ಮುಟ್ಟಿಸಿದ ರಾಸಾಯನಿಕವನ್ನು ಕೆಲಸವಾದ ಕೂಡಲೇ ಅಳಿಸುವುದು ಆ ಕಿಣ್ವದ ಕೆಲಸ. ಅದು ನಿಂತರೆ ನರಗಳು ಸುಮ್ಮನಾಗುವುದನ್ನೇ ಮರೆಯುತ್ತವೆ. ಹುಳುವಿನಲ್ಲಿರುವ ಅದೇ ಕಿಣ್ವ ಮನುಷ್ಯನಲ್ಲೂ ಇದೆ. ವ್ಯತ್ಯಾಸ ಮೈಯ ಗಾತ್ರದ್ದು, ಪ್ರಮಾಣದ್ದು. ಹುಳು ನೋಡನೋಡುತ್ತಲೇ ಸಾಯುತ್ತದೆ, ಎಣಿಸಬಹುದು, ದಂಡ ಕಟ್ಟಿಸಬಹುದು. ಹೆಂಗಸಿಗೆ ತಲೆ ಸುತ್ತುತ್ತದೆ, ಕಣ್ಣು ಮಂಜಾಗುತ್ತದೆ, ವಾಕರಿಕೆ ಬರುತ್ತದೆ. ಬಿಸಿಲು ಜಾಸ್ತಿಯಾಯಿತು, ರಕ್ತ ಕಮ್ಮಿಯಿದೆ, ಬೆಳಿಗ್ಗೆ ತಿಂಡಿ ತಿನ್ನಲಿಲ್ಲ ಎಂದು ಅವಳೇ ಕಾರಣ ಕೊಟ್ಟುಕೊಂಡು ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಾಳೆ. ಬಸಿರಿದ್ದಾಗಲೂ ಏಳನೇ ತಿಂಗಳವರೆಗೆ ಬಿಡಿಸಲು ಹೋಗಿದ್ದೆ ಎಂದು ಪಕ್ಕದ ಮನೆಯವಳು ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದಳು.

ಅಲ್ಲೇ ಇನ್ನೊಂದು ಮಾತು ಬಂತು. ಮುಟ್ಟಾದಾಗ ಹೆಂಗಸರು ತರಕಾರಿ ಹೊಲಕ್ಕೆ ಕಾಲಿಡಬಾರದು, ಬಳ್ಳಿ ಬಾಡುತ್ತದೆ, ಎಲೆತೋಟವಾದರೆ ಒಣಗಿಯೇ ಹೋಗುತ್ತದೆ ಎಂಬ ನಂಬಿಕೆ ನಮ್ಮ ನಾಡಿನ ಬೇರೆ ಬೇರೆ ಕಡೆ ಇದೆ. ಇಲ್ಲಿಯ ಅತ್ತೆಯಂದಿರೂ ಪಾಲಿಸುತ್ತಾರೆ. ಕೂಲಿಯವರನ್ನು ಮಾತ್ರ ಯಾರೂ ಕೇಳುವುದಿಲ್ಲ, ಕೇಳಿದರೆ ಬಿಡಿಸಲು ಆಳು ಸಿಗುವುದಿಲ್ಲ. ಹೆಂಗಸಿನ ಮೈಯಿಂದ ಗಿಡಕ್ಕೆ ಕೇಡಾಗಬಹುದೆಂದು ಇಷ್ಟು ತಲೆಮಾರು ಎಚ್ಚರ ವಹಿಸಿದ ಸಮಾಜ ಗಿಡದಿಂದ ಅವಳ ಮೈಗೆ ಕೇಡಾದೀತೇ ಎಂದು ಒಂದು ಸಲ ಯೋಚಿಸಿದ್ದರೆ ಸಾಕಿತ್ತು.

ಆ ಮನೆಯಲ್ಲಿ ಔಷಧಿ ಡಬ್ಬಿಗಳು ಹುಳಮನೆಯಿಂದ ದೂರ ಇದ್ದವು. ಎಲ್ಲಿ ಎಂದು ಹುಡುಕಿದರೆ ಅಡಿಗೆಮನೆಯ ಅಟ್ಟದ ಮೇಲೆ. ಮಕ್ಕಳ ಕೈಗೆ ಸಿಗದಿರಲಿ ಎಂದು ಅಲ್ಲಿಟ್ಟಿದ್ದೆ ಎಂದಳು. ಹೊರಗೆ ಬೀಗ ಹಾಕುವ ಇನ್ನೊಂದು ಕೋಣೆ ಆ ಮನೆಗಿಲ್ಲ. ಖಾಲಿಯಾದ ದೊಡ್ಡ ಕ್ಯಾನು ಚೆನ್ನಾಗಿ ತೊಳೆದು ಸೀಮೆಸುಣ್ಣದ ಗುರುತು ಹಾಕಿ ಬಚ್ಚಲಲ್ಲಿತ್ತು. ಹೀಗೆ ಮನೆಯೊಳಕ್ಕೆ ಬರುವ ಡಬ್ಬಿಗಳ ಕಥೆ ಹೇಳುವಾಗ ಬಿಹಾರದ ಛಪ್ರಾ ಬಳಿಯ ಶಾಲೆ ನೆನಪಾಗದಿರದು. 2013ರ ಜುಲೈನಲ್ಲಿ ಅಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡಿಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಬೆರೆತಿತ್ತು. ತರಕಾರಿಗೆ ಅದನ್ನು ಬಳಸಬಾರದೆಂದು 2005ರಲ್ಲೇ ನಿಷೇಧಿಸಿದ್ದರೂ ಬೇರೆ ಬೆಳೆಗಳ ಹೆಸರಿನಲ್ಲಿ ಅದು ಅಂಗಡಿಯಲ್ಲಿ ಇದ್ದೇ ಇತ್ತು. ನಮ್ಮ ಕೀಟನಾಶಕ ಕಾಯಿದೆ ಹುಟ್ಟಿದ್ದೂ ಇಂಥದೇ ದುರಂತದ ಬೆನ್ನಲ್ಲಿ. 1958ರಲ್ಲಿ ಹಡಗಿನಲ್ಲಿ ಬಂದ ಗೋಧಿಹಿಟ್ಟಿಗೆ ಪ್ಯಾರಾಥಿಯಾನ್ ಸೋರಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ವಿಚಾರಣೆ ನಡೆದು ನಡೆದು 1968ಕ್ಕೆ ಕಾಯಿದೆಯಾಯಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದು ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟಾಗ ದೇಶ ಮಾತಾಡಿದ್ದು ಹೊಡೆಯುವವರ ಬಗ್ಗೆ. ಮಾತಾಡಲೇಬೇಕಿತ್ತು. ಆ ಹೊಲಗಳಲ್ಲಿ ಆಮೇಲೆ ಹತ್ತಿ ಬಿಡಿಸಿದವರ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ.

ಸಂಜೆ ರಸ್ತೆಗೆ ಬಂದಾಗ ನರಸಾಪುರದ ಕಡೆಯಿಂದ ಕಾರ್ಖಾನೆ ಬಸ್ಸುಗಳು ಬರುತ್ತಿದ್ದವು. ಮೊಬೈಲ್ ಫೋನು ಜೋಡಿಸುವ ಕೆಲಸಕ್ಕೆ ಸುತ್ತಲ ಹಳ್ಳಿಗಳಿಂದ ಹುಡುಗಿಯರು ಹೋಗುತ್ತಾರೆ, ಅದಕ್ಕೇ ಹೊಲದಲ್ಲಿ ಉಳಿದವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು. ಬಸ್ಸಿಳಿದ ಹುಡುಗಿಯೊಬ್ಬಳು ಒಳಗೆ ಹೋಗುವಾಗ ಟೋಪಿ, ಗೌನು, ಕೈಗವಸು ಹಾಕಿಕೊಳ್ಳಲೇಬೇಕು ಎಂದು ಹೇಳಿದಳು. ‘ನಿಮ್ಮ ಕೈಗೆ ಏನಾದರೂ ಆಗುತ್ತದೆಂದಾ?’ ‘ಅಲ್ಲ ಆಂಟಿ, ನಮ್ ಕೈಯಿಂದ ಫೋನ್‌ಗೆ ಧೂಳಾಗ್ಬಾರ್ದು ಅಂತ.’ ಅವಳ ತಾಯಿ ಟೊಮೆಟೊ ಬಿಡಿಸುವವರು.

ಮರುದಿನ ಚಿಂತಾಮಣಿ ದಾಟಿ, ರಾಯಲ್ಪಾಡಿನ ಮೇಲೆ ಮದನಪಲ್ಲೆಯ ದಾರಿ ಹಿಡಿದೆವು. ಗಡಿ ದಾಟಿದರೂ ಮಣ್ಣು ಅದೇ, ಹುಣಸೆಮರ, ಮಾವಿನ ತೋಪು ಅದೇ, ಭಾಷೆಯೂ ಅರ್ಧ ಅದೇ. ಕೋಲಾರದವರ ಮನೆಮಾತು ಎಷ್ಟೋ ಕಡೆ ತೆಲುಗು. ಮದನಪಲ್ಲೆಯದೂ ದೊಡ್ಡ ಟೊಮೆಟೊ ಮಾರುಕಟ್ಟೆ. ಔಷಧಿ ಅಂಗಡಿಗಳಿಗೂ ಅಲ್ಲಿ ಬರವಿಲ್ಲ. ಆದರೂ ಅಲ್ಲಿಗೆ ಹೋಗುವ ಆಸೆಯಿತ್ತು. ಆಂಧ್ರದಲ್ಲಿ ಔಷಧಿ ಬಿಡಿಸುವ ಕೆಲಸ ಮೊದಲಿನಿಂದ ನಡೆದಿರುವುದು ಹೆಂಗಸರ ಸಂಘಗಳ ಮೂಲಕ. ಎರಡು ದಶಕದ ಹಿಂದೆ ಅಂದಿನ ಅವಿಭಜಿತ ಆಂಧ್ರದ ಖಮ್ಮಂ ಜಿಲ್ಲೆಯ ಪುನುಕುಲ ಎಂಬ ಊರು ಹತ್ತಿ, ಮೆಣಸಿನಕಾಯಿ ಬೆಳೆದೂ ಕೀಟನಾಶಕ ಬಿಟ್ಟಾಗ ಹಟ ಹಿಡಿದವರು ಸ್ವಸಹಾಯ ಸಂಘದ ಹೆಂಗಸರು. ಸಾಲ ಯಾಕಾಗುತ್ತಿದೆ, ಗಂಡ ಯಾಕೆ ವಾಂತಿ ಮಾಡುತ್ತಾನೆ ಎಂಬೆರಡು ಪ್ರಶ್ನೆಗಳಿಗೂ ಉತ್ತರ ಒಂದೇ ಡಬ್ಬಿಯಲ್ಲಿತ್ತು. ಸರ್ಕಾರ ಅದನ್ನು ಸಂಘಗಳ ಒಕ್ಕೂಟದ ಮೂಲಕವೇ ಬೇರೆ ಊರುಗಳಿಗೆ ಒಯ್ದಿತು, 2016ರಿಂದ ಸಹಜ ಕೃಷಿಯ ಹೆಸರಿನಲ್ಲಿ ಮುಂದುವರಿಸಿತು. ಜೀವಾಮೃತದ ಪಾಠ ಹೇಳಿದ ಸುಭಾಷ್ ಪಾಳೇಕರ್ ಅವರ ಶಿಬಿರಗಳು ನಮ್ಮಲ್ಲಿ ರೈತ ಸಂಘದ ಆಶ್ರಯದಲ್ಲಿ ಅದಕ್ಕೂ ಮುಂಚೆಯೇ ನಡೆದಿದ್ದವು. ನಮ್ಮಲ್ಲಿ ಅದು ಹಸಿರು ಶಾಲಿನವರ ಕೈಯಲ್ಲಿತ್ತು, ಅವರಲ್ಲಿ ಸಂಘದ ಪುಸ್ತಕ ಹಿಡಿದವರ ಕೈಗೆ ಹೋಯಿತು.

ನಾವು ಹೋದ ಊರಲ್ಲಿ ಹತ್ತು ಹನ್ನೆರಡು ಹೆಂಗಸರು ಹುಣಸೆಮರದ ಕೆಳಗೆ ಬೇವಿನಬೀಜ ಕುಟ್ಟುತ್ತಿದ್ದರು. ಕುಟ್ಟಿದ್ದನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಂಡಿ, ಸೋಸಿ, ಸೋಪಿನ ನೀರು ಬೆರೆಸಬೇಕು. ಗಂಜಲ, ಸಗಣಿ ಸೇರಿಸಿ ಮಾಡುವ ನೀಮಾಸ್ತ್ರ ಬೇರೆ. ಗುಂಪಿನ ಮುಂದಾಳು ಹೆಂಗಸು ಚುರುಕು. ಅವಳ ಗಂಡ ಈಗ ಹುಳು ಕಂಡರೆ ಪೇಟೆಗೆ ಹೋಗುವ ಮೊದಲು ಅವಳನ್ನು ಕೇಳುತ್ತಾನಂತೆ. ಯಾವುದು, ಎಷ್ಟು, ಹೊಡೆಯಬೇಕೇ ಬೇಡವೇ ಎಂದು ಹೇಳುವವಳು ಅವಳು. ಟೊಮೆಟೊಗೆ ಪೂರ್ತಿ ಔಷಧಿ ಬಿಟ್ಟಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು. ಊಜಿ ಜೋರಾದ ವರ್ಷ ಎರಡು ಸಲ ತಂದು ಹೊಡೆದಿದ್ದಾರೆ, ಮೊದಲು ವಾರಕ್ಕೆರಡು ಸಲ ಹೊಡೆಯುತ್ತಿದ್ದರು.

ಇಷ್ಟು ಕೇಳಿ ನಾನು ಖುಷಿಯಾಗುವಷ್ಟರಲ್ಲಿ ಒನಕೆ ಹಿಡಿದಿದ್ದ ಇನ್ನೊಬ್ಬಳು ಅಡ್ಡ ಬಂದಳು. ‘ಡಬ್ಬಿ ಮುಚ್ಚಳ ತೆಗೆದು ಹಾಕಿದರೆ ಅರ್ಧ ಗಂಟೆಯ ಕೆಲಸ. ಇದು ಎರಡು ದಿನದ್ದು. ಬೇವಿನಬೀಜ ಆರಿಸೋದು ನಾವು, ಕುಟ್ಟೋದು ನಾವು, ಗಂಜಲ ಹಿಡಿಯೋದು ನಾವು. ಹೊಡೆಯೋದು ಮಾತ್ರ ಅವರು, ಫೋಟೊದಲ್ಲೂ ಅವರೇ.’ ಎಲ್ಲರೂ ಹೌದು ಹೌದು ಎಂದರು. ನೈಸರ್ಗಿಕ ಕೃಷಿಯ ಉತ್ಸಾಹಿಗಳು ಬರೆಯುವ ‘ಶೂನ್ಯ ಬಂಡವಾಳ’ದ ಲೆಕ್ಕದಲ್ಲಿ ಈ ಎರಡು ದಿನಗಳನ್ನು ಯಾರೂ ಸೇರಿಸುವುದಿಲ್ಲ. ವಿಷ ಕಡಿಮೆಯಾದದ್ದಕ್ಕೆ ಬೆಲೆಯನ್ನು ಅವಳ ರಟ್ಟೆ ಕೊಟ್ಟಿರುತ್ತದೆ. ನಿರ್ಧಾರ ಅವಳ ಕೈಗೆ ಬಂದದ್ದು ನಿಜ, ಒನಕೆಯ ಜೊತೆಗೇ ಬಂತು.

ಅದಕ್ಕೇ ಅವರಿಗೀಗ ಬೀಜ ಪುಡಿ ಮಾಡುವ ಯಂತ್ರ ಬೇಕಾಗಿತ್ತು. ಸಬ್ಸಿಡಿ ಇದೆ. ಅರ್ಜಿ ನಮೂನೆಯನ್ನು ನನ್ನ ಕೈಗೂ ಕೊಟ್ಟು ನೋಡಿ ಎಂದರು. ಜಮೀನಿನ ಪಾಸ್‌ಬುಕ್ ಯಾರ ಹೆಸರಲ್ಲಿದೆಯೋ ಅವರೇ ಅರ್ಜಿದಾರರು. ಗಂಡನ ಹೆಸರಲ್ಲಿ ಹಾಕಿದರೆ ಯಂತ್ರ ಆ ಮನೆಯದಾಗುತ್ತದೆ, ನಾಳೆ ಬಾಡಿಗೆ ಕೇಳುತ್ತಾನೆ ಎಂದು ಒಬ್ಬಳ ತಕರಾರು. ಗುಂಪಿನಲ್ಲಿ ಸ್ವಂತ ಹೆಸರಿನ ಪಾಸ್‌ಬುಕ್ ಇರುವವರು ಇಬ್ಬರೇ, ಇಬ್ಬರೂ ಗಂಡ ಸತ್ತ ಮೇಲೆ ಖಾತೆ ಮಾಡಿಸಿಕೊಂಡವರು. ಅವರಲ್ಲೊಬ್ಬರ ಹೆಸರಲ್ಲಿ ಹಾಕುವುದೆಂದು ಆಯಿತು. ಆಕೆ ಪಾಸ್‌ಬುಕ್ ತರಲು ಮನೆಗೆ ಹೊರಟರು. ಉಳಿದವರು ಯಂತ್ರವನ್ನು ಯಾರ ಜಗಲಿಯ ಮೇಲಿಡುವುದು, ಕರೆಂಟಿನ ಬಿಲ್ಲು ಯಾರು ಕಟ್ಟುವುದು ಎಂದು ಆಗಲೇ ಜಗಳ ಶುರುವಿಟ್ಟುಕೊಂಡಿದ್ದರು.